ದಿಣ್ಣನ ಹೆಂಡತಿಗೆ ಏನಾಯ್ತು?

ನುಗ್ಗೆಕಾಯಿ ಕೀಳೋಣ ಅಂತ ದೋಟಿ ಹಿಡ್ಕೊಂಡು ಕಾಂಪೌಂಡಿನ ಹತ್ರ ಬಂದ್ರೆ, ನಿಮ್ಮನೆ ಟೀವಿಯಲ್ಲಿ 'ಅನುರಾಗ ಅರಳಿತು' ಓಡ್ತಾ ಇದೆ. ಕಿಟಕಿಯಿಂದ ಏನೂ ಕಾಣಲಿಲ್ಲ ಅನ್ನಿ, ಆದ್ರೂ ಅದರಲ್ಲಿನ ಅಮ್ಮನ ದನಿ ಕೇಳಿದ್ದೇ ತಡ ಗೊತ್ತಾಗಿಬಿಟ್ತು. ಪಂಢರಿಬಾಯಿ! ಆ ದನಿ ಬಿದ್ದರೆ ಸಾರಿಗೆ ಉಪ್ಪು ಹಾಕೋದೇ ಬೇಡ, ಕಣ್ಣೀರೇ ಸಾಕು ಅಂತಿದ್ದರು ನಮ್ಮಜ್ಜಿ.

ಆದರೆ ಈ ಸಿನಿಮಾ ಮೇಲೆ ಅಜ್ಜಿಗೆ ಒಂದು ತಕರಾರಿತ್ತು. ಟೆಂಟಿನಲ್ಲಿ ನೆಲದ ಮೇಲೆ ಕೂತು 'ಬೇಡರ ಕಣ್ಣಪ್ಪ' ನೋಡಿದವರು ಅವರು. ಅದರಲ್ಲಿ ರಾಜ್‌ಕುಮಾರ್ ದಿಣ್ಣ, ಪಂಢರಿಬಾಯಿ ಅವನ ಹೆಂಡತಿ ನೀಲಾ. ಅದು 1954. 'ಅನುರಾಗ ಅರಳಿತು' 1986. ಅದೇ ರಾಜ್‌ಕುಮಾರ್ ಇಲ್ಲಿ ಮಾಧವಿ ಜೊತೆ ಹಾಡ್ಕೊಂಡಿದ್ದಾರೆ, ನೀಲಾ ಮಾತ್ರ ಕಾಯಿಲೆ ಬಿದ್ದ ತಾಯಿ! "ಅಲ್ಲಾ ಕಣೇ, ದಿಣ್ಣನ ಹೆಂಡತಿಗೆ ಏನಾಯ್ತು? ಅವನು ಹಾಗೇ ಇದ್ದಾನೆ, ಇವಳೊಬ್ಬಳಿಗೇ ವಯಸ್ಸಾಯ್ತಾ?" ಅಂತ ಕೇಳಿದ್ದರು. ಯಾರ ಹತ್ರ ಉತ್ತರ ಇತ್ತು ಹೇಳಿ. ಅಮ್ಮ ಒಳಗೆ ಹೋಗಿ ಕಾಫಿಗೆ ಇಟ್ಟರು.

ಅಜ್ಜಿಗೆ ತಮಿಳು ಬರ್ತಿರಲಿಲ್ಲ, ಅದೇ ಪುಣ್ಯ. ಬಂದಿದ್ದರೆ ಇನ್ನೂ ರೇಗ್ತಿದ್ದರು. 1952ರ 'ಪರಾಶಕ್ತಿ' ಶಿವಾಜಿ ಗಣೇಶನ್ ಅವರ ಮೊದಲ ಚಿತ್ರ ತಾನೇ? ಅದಕ್ಕೂ ನಾಯಕಿ ಪಂಢರಿಬಾಯಿಯೇ. ಎರಡೇ ವರ್ಷಕ್ಕೆ ಇಲ್ಲಿ ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ, ಅದಕ್ಕೂ ಇವರೇ. ಸಂತೆಯಲ್ಲಿ ಬೋಣಿ ಮಾಡೋರ ಕೈಗುಣ ಅಂತೀವಲ್ಲ, ಅಂಥಾ ಕೈಗುಣ! ಬೋಣಿ ಮಾಡಿಸಿಕೊಂಡ ಇಬ್ಬರೂ ಅಂಗಡಿಯೇನು, ಇಡೀ ಪೇಟೆಯನ್ನೇ ಕಟ್ಟಿಕೊಂಡರು.

ಶಿವಾಜಿ ವಿಷಯದಲ್ಲಂತೂ ನೆಂಟಸ್ತನ ಎಲ್ಲಿಗೆ ಹೋಯ್ತು ಅಂತೀರಾ? 1969ರ 'ದೈವ ಮಗನ್'ನಲ್ಲಿ ಶಿವಾಜಿಗೆ ಮೂರು ಪಾತ್ರ, ಒಬ್ಬ ಅಪ್ಪ, ಇಬ್ಬರು ಮಕ್ಕಳು. ಪಂಢರಿಬಾಯಿ ಒಬ್ಬ ಶಿವಾಜಿಗೆ ಹೆಂಡತಿ, ಇನ್ನಿಬ್ಬರು ಶಿವಾಜಿಗೆ ತಾಯಿ! ಬೆಳಿಗ್ಗೆ "ಏನೂಂದ್ರೆ" ಅಂದವರು ಮಧ್ಯಾಹ್ನ ಅದೇ ಮುಖಕ್ಕೆ "ಮಗನೇ" ಅನ್ನಬೇಕು. ನಾವಾಗಿದ್ದರೆ ನಗು ತಡೀತಿದ್ವಾ? ಆಸ್ಕರ್‌ಗೆ ಅಂತ ನಮ್ಮ ದೇಶ ಕಳಿಸಿದ ಮೊದಲ ದಕ್ಷಿಣದ ಚಿತ್ರ ಅದು. ಅಲ್ಲಿಯವರು ಈ ಸಂಬಂಧ ಬಿಡಿಸಿಕೊಳ್ಳೋಕೆ ಎಷ್ಟು ಒದ್ದಾಡಿದರೋ ಏನೋ.

ಎಂ.ಜಿ.ಆರ್. ಕಥೆ ಬೇರೆ. 'ಕುಡಿಯಿರುಂದ ಕೋಯಿಲ್'ನಲ್ಲಿ ಅವರಿಗೂ ಈಕೆ ತಾಯಿ. ಎಂ.ಜಿ.ಆರ್. ಹುಟ್ಟಿದ್ದು 1917ರಲ್ಲಿ. ಮಗ ತಾಯಿಗಿಂತ ಹತ್ತು ವರ್ಷಕ್ಕೂ ಮೇಲೆ ದೊಡ್ಡವನು.

ಇದನ್ನ ಹೇಳುವಾಗ ನಮ್ಮಪ್ಪನ ಚಿಕ್ಕಮ್ಮ ನೆನಪಾಗ್ತಾರೆ. ಅಪ್ಪನಿಗಿಂತ ಎರಡು ವರ್ಷ ಚಿಕ್ಕವರು, ಆದ್ರೂ ಚಿಕ್ಕಮ್ಮ. ಅಪ್ಪನ ಮುಂಜಿಯಲ್ಲಿ ಹಿರಿಯರಿಗೆಲ್ಲ ನಮಸ್ಕಾರ ಮಾಡಿಸ್ತಾ ಇದ್ದಾಗ, ಹಿತ್ತಲಲ್ಲಿ ಕುಂಟೆಬಿಲ್ಲೆ ಆಡ್ತಿದ್ದವಳನ್ನ ಎಳ್ಕೊಂಡು ಬಂದು ನಿಲ್ಲಿಸಿದರಂತೆ. ಈಕೆ ಅಕ್ಷತೆ ಹಾಕಿ, "ಬೇಗ ಏಳೋ, ನನ್ನ ಸರದಿ ಇದೆ" ಅಂದು ಓಡಿದರಂತೆ. ಮನೆಗಳಲ್ಲಿ ಇದೆಲ್ಲಾ ಇದ್ದದ್ದೇ, ಯಾರೂ ತಪ್ಪು ತಿಳೀತಿರಲಿಲ್ಲ. ಆದರೆ ಆ ಚಿಕ್ಕಮ್ಮ ಮತ್ತೆ ಕುಂಟೆಬಿಲ್ಲೆಗೆ ಹೋದರು. ಸಿನಿಮಾದವರು ಒಂದು ಸಲ ಅಕ್ಷತೆ ಕೈಗೆ ಕೊಟ್ಟರೆ ಮುಗೀತು, ಮತ್ತೆ ಅಂಗಳಕ್ಕೆ ಬಿಡೋದೇ ಇಲ್ಲ, ಅಲ್ವಾ?

ಎಲ್ಲಿದ್ದೆ? ಹಾಂ, ಪಂಢರಿಬಾಯಿ. ಭಟ್ಕಳದ ಹುಡುಗಿ, ನಾಟಕ, ಹರಿಕಥೆ ಮಾಡ್ಕೊಂಡು ಬಂದವಳು. ಪಿಟೀಲು ಚೌಡಯ್ಯನವರು ತೆಗೆದ 'ವಾಣಿ'ಯಲ್ಲಿ, 1943ರಲ್ಲಿ, ಮೊದಲು ಬಣ್ಣ ಹಚ್ಚಿದ್ದು. ಹೆಸರಿನಲ್ಲೇ ಪಂಢರಾಪುರ ಇಟ್ಟುಕೊಂಡವರು 1955ರಲ್ಲಿ 'ಸಂತ ಸಖು' ಮಾಡಿದರು, ಪಂಢರಾಪುರಕ್ಕೆ ಹೋಗಬೇಕು ಅಂತ ಹಂಬಲಿಸುವ ಸೊಸೆಯ ಕಥೆ! ತಂಗಿ ಮೈನಾವತಿ ಗೊತ್ತಲ್ಲ, ಅವರೂ ಇದೇ ದಾರಿ ಹಿಡಿದರು. ಅಕ್ಕನ ಪಾಲಿಗೆ ಕಣ್ಣೀರು ಹೋಯ್ತು, ತಂಗಿ ಪಾಲಿಗೆ ಹುಡುಗಾಟ ಬಂತು.

ಪಂಢರಿಬಾಯಿ ಅಂದ್ರೆ ಬರೀ ಅಳು ಅಂತ ತಿಳ್ಕೊಂಡಿದ್ದೀರಾ? ಹಾಗಾದ್ರೆ ನೀವು 'ಅಂದ ನಾಳ್' ನೋಡಿಲ್ಲ. ಅದೂ 1954ರದ್ದೇ. ವೀಣೆ ಎಸ್. ಬಾಲಚಂದರ್ ನಿರ್ದೇಶನ. ವೈಣಿಕರು ಮಾಡಿದ ಚಿತ್ರ, ಆದರೆ ಒಂದು ಹಾಡಿಲ್ಲ, ಒಂದು ಕುಣಿತ ಇಲ್ಲ! ಶಿವಾಜಿ ರೇಡಿಯೋ ಎಂಜಿನಿಯರು, ದೇಶದ ಗುಟ್ಟನ್ನ ಜಪಾನಿಗೆ ಮಾರೋಕೆ ಹೊರಟವನು. ಶುರುವಿನಲ್ಲೇ ಗುಂಡಿನ ಸದ್ದು, ಅವನ ಹೆಣ. ಆಮೇಲೆ ಪೊಲೀಸರು ಒಬ್ಬೊಬ್ಬರನ್ನೇ ಕೂರಿಸಿ ಕೇಳ್ತಾ ಹೋಗ್ತಾರೆ. ಕೊನೆಗೆ ನೋಡಿದ್ರೆ ಗುಂಡು ಹಾರಿದ್ದು ಹೆಂಡತಿ ಪಂಢರಿಬಾಯಿ ಕೈಯಿಂದ. ಸೆರಗು ಹೊದ್ದ ಅದೇ ತಣ್ಣಗಿನ ಮುಖ, ಕೈಯಲ್ಲಿ ಪಿಸ್ತೂಲು. ನನ್ನ ಕೇಳಿದ್ರೆ ಅವರ ನೂರು ತಾಯಿ ಪಾತ್ರಕ್ಕೆ ಅದೊಂದೇ ಸಮ. ಆ ಕೈಗೆ ಇನ್ನೆರಡು ಮೂರು ಸಲವಾದರೂ ಅಂಥಾ ಕೆಲಸ ಕೊಡಬಾರದಿತ್ತೇ?

ಕೊಟ್ಟಿದ್ದೇನು ಅಂದ್ರೆ ಮತ್ತೆ ಅದೇ. 'ಅನುರಾಗ ಅರಳಿತು' 1992ರಲ್ಲಿ ತಮಿಳಿಗೆ ಹೋಗಿ 'ಮನ್ನನ್' ಆಯ್ತಲ್ಲ, ನಾಯಕ ಬದಲಾದರು, ನಾಯಕಿ ಬದಲಾದರು, ತಾಯಿ ಮಾತ್ರ ಅವರೇ! ರಜನಿಕಾಂತ್ ಎತ್ಕೊಂಡು ಹೋಗೋ ಅಮ್ಮ ಇವರೇ. 2003ರ ಜನವರಿಯಲ್ಲಿ ಚೆನ್ನೈನಲ್ಲಿ ತೀರಿಕೊಂಡರು.

ಅಯ್ಯೋ, 'ಅಂದ ನಾಳ್'ನಲ್ಲಿ ಕೊಂದಿದ್ದು ಯಾರು ಅಂತ ಹೇಳಿಬಿಟ್ಟೆ ಅಲ್ವಾ? ಹೋಗ್ಲಿ ಬಿಡಿ, ಎಪ್ಪತ್ತು ವರ್ಷ ಆಯ್ತು. ಗೊತ್ತಿದ್ದರೂ ನೋಡಬಹುದು, ನೋಡಿ. ಈಗ ಆ ಕೊಂಬೆ ಸ್ವಲ್ಪ ಈ ಕಡೆ ಬಗ್ಗಿಸ್ತೀರಾ?