ಕೆಂಪು ಕೀಲಿ, ಕಪ್ಪು ಕೀಲಿ
ಅಮೆರಿಕದ ಡಾಡ್ಜ್ ಚಾಲೆಂಜರ್ ಹೆಲ್‌ಕ್ಯಾಟ್, ಜರ್ಮನಿಯ ಬಿಎಂಡಬ್ಲ್ಯು ಎಂ4. 2015ರ ಸುಮಾರಿಗೆ ಅಮೆರಿಕದ ಷೋರೂಮುಗಳಲ್ಲಿ ಎರಡರ ಆರಂಭಿಕ ಬೆಲೆಯೂ ಅರವತ್ತು ಸಾವಿರ ಡಾಲರಿನ ಆಚೀಚೆ. ಬೆಲೆಯೊಂದು ಬಿಟ್ಟರೆ ಜಾತಕದಲ್ಲಿ ಬೇರೆ ಯಾವ ಗುಣವೂ ಕೂಡಿಬರುವುದಿಲ್ಲ.

ಹೆಲ್‌ಕ್ಯಾಟ್‌ನದು 6.2 ಲೀಟರಿನ ವಿ8 ಎಂಜಿನ್, ತಲೆಯ ಮೇಲೊಂದು ಸೂಪರ್‌ಚಾರ್ಜರ್, ಒಟ್ಟು 707 ಅಶ್ವಶಕ್ತಿ. ಮೈತೂಕ ಹೆಚ್ಚುಕಡಿಮೆ ಎರಡು ಟನ್. ಬೆಳಗಿನ ಜಾವ ಸ್ಟಾರ್ಟ್ ಮಾಡಿದರೆ ಇಡೀ ಬೀದಿಗೆ ಸುಪ್ರಭಾತ. ಕಂಪನಿಗೇ ದಿಗಿಲಾಯಿತೋ ಏನೋ, ಎರಡು ಕೀಲಿ ಕೊಟ್ಟಿತು: ಕೆಂಪಾದರೆ ಪೂರ್ತಿ ಶಕ್ತಿ, ಕಪ್ಪಾದರೆ 500ಕ್ಕೇ ಕಡಿವಾಣ. ಮಗ ಕಾರು ಕೇಳಿದಾಗ ಯಾವ ಕೀಲಿ ಕೊಡಬೇಕೆಂದು ಯಾವ ಅಪ್ಪನಿಗೂ ಹೇಳಿಕೊಡಬೇಕಿಲ್ಲ. ಆ ಕಡಿವಾಣದ 500 ಕೂಡ ಎಂ4ರ 425ಕ್ಕಿಂತ ಹೆಚ್ಚು ಅನ್ನುವುದು ಬೇರೆ ಮಾತು.

ಎಂ4 ಸಂಭಾವಿತ. ಮೂರು ಲೀಟರು, ಆರು ಸಿಲಿಂಡರು, ಎರಡು ಟರ್ಬೊ. ತೂಕ ಇಳಿಸಲೆಂದು ಮೇಲ್ಛಾವಣಿಯೂ ಕಾರ್ಬನ್ ಫೈಬರಿನದು. ತಿರುವು ಬಂದರೆ ಅದಕ್ಕೆ ಹಬ್ಬ. ಹೆಲ್‌ಕ್ಯಾಟ್ ಓಡಿಸುವವನಿಗೆ ಆಗಲೇ ಮನೆದೇವರ ನೆನಪು. ಆದರೆ ಸಂಭಾವಿತರಿಗೂ ಒಂದು ಗುಟ್ಟಿರುತ್ತದಲ್ಲ! ಎಂಜಿನ್ನಿನ ಸದ್ದು ಒಳಗೆ ಕೂತವರಿಗೆ ಸಾಲದೆಂದು ಸ್ಪೀಕರುಗಳಿಂದಲೂ ಗರ್ಜನೆ ಬೆರೆಸುತ್ತಾರೆ. ಅಷ್ಟು ದುಡ್ಡು ಸುರಿದದ್ದು ಹಿನ್ನೆಲೆ ಸಂಗೀತಕ್ಕೇ?

ನನ್ನ ಓಟು ಒರಟನಿಗೇ. ಗಂಟಲಾದರೂ ಅವನ ಸ್ವಂತದ್ದು. ಅಂದಹಾಗೆ, ಈ ಅಪ್ಪಟ ಅಮೆರಿಕನ್ ಕಾರು ತಯಾರಾಗುತ್ತಿದ್ದುದು ಕೆನಡಾದ ಬ್ರಾಂಪ್ಟನ್ನಿನಲ್ಲಿ. 2023ರ ಡಿಸೆಂಬರಿನಲ್ಲಿ ಅದೂ ನಿಂತುಹೋಯಿತು.