ಗುಡುಗುಡು ಇಲ್ಲದ ಕರೆಂಟು

ಮದುವೆಯಲ್ಲಿ ಪುರೋಹಿತರ ಮಂತ್ರಕ್ಕಿಂತ ಜೋರಾಗಿ ಕೇಳಿಸುವುದು ಛತ್ರದ ಹಿಂದಿನ ಡೀಸೆಲ್ ಜನರೇಟರ್. ಗಾಳಿ ಈಚೆ ತಿರುಗಿದರೆ ಹೊಗೆ ಊಟದ ಪಂಕ್ತಿಗೇ ಬಂದು ಸಾರಿನ ಘಮದೊಡನೆ ಬೆರೆಯುತ್ತದೆ.

ಈಗ ಚಕ್ರದ ಮೇಲೆ ಉರುಳಿ ಬರುವ ಬ್ಯಾಟರಿ ಪೆಟ್ಟಿಗೆಯೂ ಬಾಡಿಗೆಗೆ ಸಿಗುತ್ತದೆ. ಸದ್ದಿಲ್ಲ, ಹೊಗೆಯಿಲ್ಲ. ಸದ್ದಿಲ್ಲದಿರುವುದೇ ಹಿರಿಯರಿಗೆ ಅನುಮಾನ: ‘ಆನ್ ಮಾಡಿದ್ದೀರಾ, ಇಲ್ವಾ?’ ಕೊಟ್ಟ ದುಡ್ಡಿಗೆ ಸ್ವಲ್ಪವಾದರೂ ಗಲಾಟೆ ಬೇಡವೇ!

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 2024ರ ಆಗಸ್ಟ್‌ನಲ್ಲಿ ಮ್ಯಾಸಿವ್ ಅಟ್ಯಾಕ್ ಎಂಬ ಸಂಗೀತ ತಂಡ ಬಯಲಿನ ದೊಡ್ಡ ಸಂಗೀತೋತ್ಸವವನ್ನೇ ಬ್ಯಾಟರಿಯ ಮೇಲೆ ನಡೆಸಿತು. ಹಾಗಿದ್ದಮೇಲೆ ನಮ್ಮ ಆರತಕ್ಷತೆ ಯಾವ ಲೆಕ್ಕ?

ಲೆಕ್ಕ ಇರುವುದೇ ಇಲ್ಲಿ. 5 ಕಿಲೋವಾಟ್ ಅವರ್ ಪೆಟ್ಟಿಗೆಗೆ 500 ವಾಟ್‌ನ ಹತ್ತು ಹ್ಯಾಲೊಜೆನ್ ದೀಪ ಸಿಕ್ಕಿಸಿದರೆ ಒಂದು ಗಂಟೆಯೊಳಗೆ ಕತ್ತಲು. ವರನಿಗೆ ಪೇಟ ಕಟ್ಟುವಷ್ಟರಲ್ಲಿ ಕಥೆ ಮುಗಿಯಿತು. ಅದೇ 50 ವಾಟ್‌ನ ಹತ್ತು ಎಲ್‌ಇಡಿಗಳಾದರೆ ಎಂಟು-ಒಂಬತ್ತು ಗಂಟೆ ಬೆಳಗುತ್ತವೆ. ಕಟ್ಟಡದ ಕೆಲಸದಲ್ಲೂ ಡ್ರಿಲ್ಲು, ದೀಪಗಳಿಗೆ ಈ ಪೆಟ್ಟಿಗೆ ಸಲೀಸು. ದೊಡ್ಡ ಮೋಟರ್‌ಗಳದ್ದು ಬೇರೆ ಗತ್ತು. ಕಾಂಕ್ರೀಟ್ ಮಿಕ್ಸರ್ ಆಗಲಿ, ಅಡುಗೆಯವರ ಗ್ರೈಂಡರ್ ಆಗಲಿ, ಶುರುವಾಗುವ ಕ್ಷಣದಲ್ಲಿ ಹಲವು ಪಟ್ಟು ಕರೆಂಟು ಎಳೆಯುತ್ತವೆ. ಚಿಕ್ಕ ಪೆಟ್ಟಿಗೆ ಒಮ್ಮೆ ‘ಬೀಪ್’ ಎಂದು ಕೈ ಮುಗಿಯುತ್ತದೆ.

ಆದ್ದರಿಂದ ಬಾಡಿಗೆ ಕುದುರಿಸುವ ಮೊದಲು ಪೆಟ್ಟಿಗೆ ಒಮ್ಮೆಗೆ ಕೊಡುವುದು ಎಷ್ಟು ಕಿಲೋವಾಟ್, ಒಟ್ಟು ಹಿಡಿಯುವುದು ಎಷ್ಟು ಕಿಲೋವಾಟ್ ಅವರ್ ಎಂದು ಎರಡನ್ನೂ ಕೇಳಿ. ಅಡುಗೆಯವರನ್ನೂ ಒಂದು ಮಾತು ಕೇಳಿಬಿಡಿ.