ರೆಕ್ಕೆಯವರ ಬೀಗತನ

ಕಲ್ಪನಾಲೋಕದ ದಪ್ಪ ಕಾದಂಬರಿಗಳಲ್ಲಿ ಮೊದಲ ಐವತ್ತು ಪುಟ ದಾಟುವುದೇ ಒಂದು ಸಾಹಸ. ಯಾರಿಗೆ ಎಷ್ಟು ಕೈ, ಯಾರಿಗೆ ಬಾಲ, ಯಾರು ಯಾರನ್ನು ತಿನ್ನುತ್ತಾರೆ, ಒಂದೂ ಗೊತ್ತಿರುವುದಿಲ್ಲ. ಲೇಖಕರಾದರೋ ನಾವೂ ಆ ಊರಿನಲ್ಲೇ ಹುಟ್ಟಿ ಬೆಳೆದವರೆಂದು ತಿಳಿದು ಕಥೆ ಹೇಳಿಕೊಂಡು ಹೋಗುತ್ತಾರೆ. ಯಾರೋ ಬಾಗಿಲಲ್ಲಿ ನಿಂತು ಮುಳ್ಳು ನಿಮಿರಿಸಿದ ಎಂದು ಓದಿ ನಾವು ಗಾಬರಿಯಾದರೆ, ಹತ್ತು ಪುಟದ ಮೇಲೆ ಅದು ಅವರಲ್ಲಿ ಸಣ್ಣ ಮುನಿಸಿನ ಲಕ್ಷಣ ಎಂದು ತಿಳಿಯುತ್ತದೆ.

ಕೆಲವರು ದಯೆ ತೋರಿ ಆರಂಭದಲ್ಲೇ ನಕ್ಷೆ ಕೊಡುತ್ತಾರೆ. ಟಾಲ್ಕಿನ್ 1937ರ ‘ದಿ ಹಾಬಿಟ್’ಗೆ ನಕ್ಷೆ ಬರೆದರು, ಅವರ ದಾರಿ ಹಿಡಿದವರೆಲ್ಲ ಕೈಗೆ ಮಸಿ ಮಾಡಿಕೊಂಡರು. ನಕ್ಷೆಯಲ್ಲಿ ಬೆಟ್ಟ ಕಂಡರೆ ನಾಯಕ ಹತ್ತಲೇಬೇಕು, ಜೌಗು ಕಂಡರೆ ಹೂತುಕೊಳ್ಳಲೇಬೇಕು. ಇವರು ಇನ್ನೆಷ್ಟು ದೂರ ನಡೆಯಬೇಕು, ಪುಟ ಎಷ್ಟು ಉಳಿದಿವೆ ಎಂದು ತಾಳೆ ಹಾಕುವ ಕೆಟ್ಟ ಚಟ ನನಗೆ ಹತ್ತಿದ್ದು ಇದರಿಂದಲೇ. ಅರ್ಧ ಪುಸ್ತಕವಾದರೂ ನಕ್ಷೆಯ ಮೂಲೆಯ ಜ್ವಾಲಾಮುಖಿಯನ್ನು ಯಾರೂ ಮುಟ್ಟಿರದಿದ್ದರೆ ಎರಡನೆಯ ಸಂಪುಟಕ್ಕೂ ದುಡ್ಡು ತೆಗೆದಿಡಬೇಕು ಎಂದೇ ಅರ್ಥ.

ಗೊತ್ತಿಲ್ಲದ ಊರಿನಲ್ಲಿ ಹೀಗೆ ಓದುಗರನ್ನು ಇಳಿಸಿಬಿಡುವ ಕಾದಂಬರಿ, ಮಾರ್ತಾ ವೆಲ್ಸ್ ಅವರ ‘ದಿ ಕ್ಲೌಡ್ ರೋಡ್ಸ್’, 2011ರಲ್ಲಿ ಬಂತು. ಈ ಲೇಖಕಿ ಆಮೇಲೆ ‘ಮರ್ಡರ್‌ಬಾಟ್’ ಕಥೆಗಳಿಂದ ದೊಡ್ಡ ಹೆಸರು ಮಾಡಿದರು. ಕಾವಲು ಕೆಲಸ ಬಿಟ್ಟು ಧಾರಾವಾಹಿ ನೋಡುತ್ತಾ ಕೂರಬೇಕೆನ್ನುವ ಅರೆಯಂತ್ರದ ಆ ಜೀವಿಯನ್ನು ಇಷ್ಟಪಡದವರನ್ನು ನಾನು ಕಂಡಿಲ್ಲ. ಆದರೆ ನನ್ನ ಒಲವು ಮೊದಲಿನ ಪುಸ್ತಕದ ಮೇಲೆ. ಅದರಲ್ಲಿ ಒಬ್ಬನೇ ಒಬ್ಬ ಮನುಷ್ಯನಿಲ್ಲ. ಟಾಲ್ಕಿನ್ನರಲ್ಲಿ ಎಲ್ಫರು, ಕುಬ್ಜರು, ಮರದಂಥ ‘ಎಂಟ್’ಗಳು ಎಲ್ಲ ಇದ್ದರೂ ನಮ್ಮ ಕಡೆಯವರೆಂದು ಹೇಳಿಕೊಳ್ಳಲು ನಾಲ್ಕು ಜನ ಮನುಷ್ಯರೂ ಇದ್ದಾರೆ. ವೆಲ್ಸ್ ಕಟ್ಟಿದ ‘ಮೂರು ಲೋಕ’ಗಳಲ್ಲಿ ಆ ಆಸರೆಯೂ ಇಲ್ಲ. ಕಣಿವೆಗೊಂದು ಜನಾಂಗ. ಒಬ್ಬರಿಗೆ ಹಸಿರು ಚರ್ಮ, ಇನ್ನೊಬ್ಬರಿಗೆ ಕೋರೆಹಲ್ಲು. ನೆತ್ತಿಯ ಮೇಲೆ ತೇಲುವ ದ್ವೀಪಗಳು, ಎಂದೋ ಅಳಿದುಹೋದವರ ಊರುಗಳ ಅವಶೇಷ. ಲೇಖಕಿ ಟೆಕ್ಸಾಸ್‌ನ ವಿಶ್ವವಿದ್ಯಾಲಯವೊಂದರಲ್ಲಿ ಮಾನವಶಾಸ್ತ್ರ ಓದಿದವರು. ಮಾನವರೇ ಇಲ್ಲದ ಕಡೆ ಆ ಶಾಸ್ತ್ರ ಇಷ್ಟು ಚೆನ್ನಾಗಿ ಒದಗಿದ್ದು ಒಂದು ತಮಾಷೆ.

ಕಥಾನಾಯಕ ಮೂನ್. ನೆಲದ ಮೇಲೆ ನಮ್ಮ ನಿಮ್ಮಂತೆ ನಡೆಯಬಲ್ಲ. ರೂಪ ಬದಲಿಸಿದನೆಂದರೆ ಕಪ್ಪು ಹುರುಪೆ, ಉಗುರು, ಬಾಲ, ಅಗಲವಾದ ರೆಕ್ಕೆ. ಚಿಕ್ಕಂದಿನಲ್ಲೇ ತನ್ನವರನ್ನು ಕಳೆದುಕೊಂಡವನು, ತಾನು ಯಾವ ಕುಲದವನು ಎನ್ನುವುದೇ ಗೊತ್ತಿಲ್ಲದೆ ಊರಿಂದೂರಿಗೆ ಅಲೆಯುತ್ತಾನೆ. ನಗರಗಳನ್ನೇ ತಿಂದು ಮುಗಿಸುವ ‘ಫೆಲ್’ ಎಂಬ ರೆಕ್ಕೆಯ ಪೀಡೆಗಳಿಗೂ ಇವನಿಗೂ ಹೋಲಿಕೆ ಇರುವುದರಿಂದ ಗುಟ್ಟು ರಟ್ಟಾದಲ್ಲೆಲ್ಲ ಓಡಿಸುತ್ತಾರೆ. ಕೊನೆಗೆ ಜೊತೆಗಿದ್ದ ಹೆಣ್ಣೇ ವಿಷವಿಕ್ಕುತ್ತಾಳೆ. ಆಗ ಬಂದು ಪಾರುಮಾಡುವ ಸ್ಟೋನ್ ಎಂಬ ಮುದುಕ, ‘ನೀನು ರಕ್ಸೂರ, ನಮ್ಮವನು’ ಎಂದು ತಿಳಿಸಿ ಇಂಡಿಗೋ ಕ್ಲೌಡ್ ಎಂಬ ತನ್ನ ಮನೆತನಕ್ಕೆ ಕರೆದೊಯ್ಯುತ್ತಾನೆ. ಮುಂದೆ ಫೆಲ್‌ಗಳೊಡನೆ ಘೋರ ಯುದ್ಧವಾಗುತ್ತದೆ. ಆಗಲಿ. ಯುದ್ಧ ಎಲ್ಲ ಪುಸ್ತಕದಲ್ಲೂ ಸಿಗುತ್ತದೆ.

ನನಗೆ ರುಚಿಸಿದ್ದು ಆ ಮನೆತನದ ಒಳಗಿನ ವ್ಯವಹಾರ. ರಕ್ಸೂರರಲ್ಲಿ ಆಳುವವರು ರಾಣಿಯರು. ಅವರಿಗೆ ಜೋಡಿಯಾಗುವ ಗಂಡಸರನ್ನು ಕಾನ್ಸಾರ್ಟ್ ಎನ್ನುತ್ತಾರೆ. ಒಳ್ಳೆ ಮನೆಯ ಕಾನ್ಸಾರ್ಟ್ ಎಂದರೆ ಒಳಕೋಣೆಯಲ್ಲಿ ಮುದ್ದಾಗಿ ಬೆಳೆದವನು, ಒಡವೆ ತೊಟ್ಟವನು, ಹೊರಗಿನವರೆದುರು ತಲೆ ತಗ್ಗಿಸಿ ಕೂರುವವನು. ನಮ್ಮ ಮೂನ್‌ಗೆ ತಾನೂ ಅಂಥ ಅಪರೂಪದ ಸರಕು ಎಂದು ತಿಳಿಯುವುದೇ ಅಲ್ಲಿಗೆ ಹೋದಮೇಲೆ. ಬೇಟೆಯಾಡಿ ಹೊಟ್ಟೆ ಹೊರೆದವನು, ಎಲ್ಲಿ ಮಲಗಿದರೂ ಒಂದು ಕಣ್ಣು ತೆರೆದೇ ಇಟ್ಟವನು, ಇದ್ದಕ್ಕಿದ್ದಂತೆ ಹೆಣ್ಣು ನೋಡುವ ಶಾಸ್ತ್ರದಲ್ಲಿ ಚಾಪೆಯ ಮೇಲೆ ಕೂತ ಹುಡುಗಿಯಂತಾಗಿಬಿಡುತ್ತಾನೆ. ಹಿರಿಯ ರಾಣಿ ಪರ್ಲ್‌ಗೆ ಹುಡುಗ ಒರಟು ಎನಿಸುತ್ತದೆ, ಕುಲಗೋತ್ರ ಗೊತ್ತಿಲ್ಲ ಎನಿಸುತ್ತದೆ. ಕಿರಿಯ ರಾಣಿ ಜೇಡ್‌ಗೆ ಮನಸ್ಸಿದೆ. ಯಾರು ಏನು ಕೊಟ್ಟರೂ ಇದರ ಹಿಂದೆ ಏನಿದೆಯೋ ಎಂದು ಇವನಿಗೆ ಅನುಮಾನ.

ಈ ಪುಸ್ತಕ ಹಿಡಿದು ಕೂತಿದ್ದಾಗ ಊರಿಂದ ಬಂದಿದ್ದ ದೊಡ್ಡಮ್ಮ, ‘ಏನೋ ಅದು, ಬೆಳಗಿನಿಂದ ಅದರೊಳಗೇ ಹೊಕ್ಕಿದ್ದೀಯ?’ ಎಂದರು. ರೆಕ್ಕೆ, ಬಾಲ, ಹುರುಪೆಗಳ ಕಥೆಯನ್ನು ಹೇಗೆ ಹೇಳುವುದೆಂದು ನಾನು ತಡವರಿಸಿದರೆ ಅವರಿಗೆ ಅದೊಂದೂ ದೊಡ್ಡದಾಗಿ ಕಾಣಲಿಲ್ಲ. ‘ಜಾಂಬವಂತ ಮಗಳನ್ನ ಕೃಷ್ಣನಿಗೆ ಕೊಡಲಿಲ್ವೇನೋ? ಮುಂದೆ ಹೇಳು’ ಎಂದರು. ಕರಡಿಯ ಮನೆಯಿಂದ ಹೆಣ್ಣು ತಂದ ಪುರಾಣ ಕೇಳಿ ಬೆಳೆದವರ ಮುಂದೆ ಹುರುಪೆಯ ಹುಡುಗನ ಪರಿಚಯ ಎಷ್ಟು ಹೊತ್ತು ಮಾಡುವುದು?

‘ಅಡಿಗೆ ಯಾರು ಮಾಡ್ತಾರೆ?’ ಎನ್ನುವುದು ಅವರ ಮೊದಲ ಪ್ರಶ್ನೆ. ಇಷ್ಟು ಒಳ್ಳೆಯ ಪ್ರಶ್ನೆಯನ್ನು ವಿಮರ್ಶಕರೂ ಕೇಳಿದ್ದನ್ನು ನಾನು ಓದಿಲ್ಲ. ರಕ್ಸೂರರಲ್ಲಿ ರೆಕ್ಕೆಯುಳ್ಳ ಏರಿಯಾಟ್, ರೆಕ್ಕೆಯಿಲ್ಲದ ಆರ್ಬೋರ ಎಂದು ಎರಡು ಬಗೆ. ಬೇಟೆಯಾಡುವುದು, ಮಕ್ಕಳನ್ನು ಸಾಕುವುದು, ಕಲ್ಲಿಗೆ ಮಂತ್ರ ಹಾಕಿ ಒಲೆಯ ಕಾವು ಬರಿಸುವುದು ಎಲ್ಲ ಆರ್ಬೋರರ ಪಾಲು. ರೆಕ್ಕೆಯವರು ಹಾರುತ್ತಾರೆ, ಕಾಯುತ್ತಾರೆ, ಜಗಳಾಡುತ್ತಾರೆ. ‘ಅಂದ್ರೆ ರೆಕ್ಕೆ ಇಲ್ಲದೋರೇ ದುಡಿಯೋರು ಅನ್ನು’ ಎಂದು ದೊಡ್ಡಮ್ಮ ಒಂದೇ ಮಾತಿನಲ್ಲಿ ಆ ಸಮಾಜವನ್ನು ಅಳೆದರು. ಊಟ ಬಹುಪಾಲು ಹಸಿಮಾಂಸ ಎನ್ನುವುದನ್ನು ನಾನು ನುಂಗಿಕೊಂಡೆ. ಸದಾ ಚಹಾ ಕುಡಿಯುತ್ತಿರುತ್ತಾರೆ ಎಂದಷ್ಟೇ ಹೇಳಿದೆ. ಅದು ಸುಳ್ಳಲ್ಲ, ಆಕಾಶ ಕಳಚಿ ಬಿದ್ದರೂ ಈ ಪುಸ್ತಕಗಳಲ್ಲಿ ಯಾರಾದರೂ ಒಬ್ಬರು ಚಹಾಕ್ಕೆ ಇಟ್ಟಿರುತ್ತಾರೆ.

ಲೋಕ ಕಟ್ಟುವುದು ಎಂದರೆ ನನ್ನ ಮಟ್ಟಿಗೆ ಅಡಿಗೆ ಯಾರದು, ದುಡಿಮೆ ಯಾರದು ಎನ್ನುವ ಇಂಥ ವಿವರವೇ. ತೇಲುವ ದ್ವೀಪವನ್ನು ಯಾರು ಬೇಕಾದರೂ ತೇಲಿಸಬಹುದು. ಇದೇ ಸರಣಿಯ ಎರಡನೆಯ ಪುಸ್ತಕ ‘ದಿ ಸರ್ಪೆಂಟ್ ಸೀ’ಯಲ್ಲಿ ಮಹಾಜಲಚರವೊಂದರ ಬೆನ್ನ ಮೇಲೆ ಇಡೀ ನಗರವೇ ಇದೆ, ಓದುವಾಗ ಬೆರಗಾದೆ, ಈಗ ಅದರ ಬೀದಿಗಳು ಮಸುಕು. ಚೈಮ್ ಎಂಬವನ ಪಾಡು ಮಾತ್ರ ಮರೆತಿಲ್ಲ. ಮಂತ್ರ ಬಲ್ಲ ಆರ್ಬೋರನಾಗಿದ್ದವನಿಗೆ ಒಂದು ದಿನ, ಕೇಳದೆಯೇ, ರೆಕ್ಕೆ ಮೂಡಿತು, ಮಂತ್ರ ಹೋಯಿತು. ಮನೆತನದಲ್ಲಿ ರೆಕ್ಕೆಯವರು ಕಡಿಮೆಯಾದರೆ ಹಾಗಾಗುವುದುಂಟಂತೆ. ಹಾರಬಲ್ಲವನಾದರೂ ಅವನಿಗೆ ತನ್ನ ಹಳೆಯ ಕೆಲಸದ್ದೇ ಹಂಬಲ.

ಮೂರನೆಯದು ‘ದಿ ಸೈರನ್ ಡೆಪ್ತ್ಸ್’. ಅಲ್ಲಿ ಮೂನ್ ಹುಟ್ಟಿದ ಮನೆ ಪತ್ತೆಯಾಗುತ್ತದೆ. ಓಪಲ್ ನೈಟ್ ಎಂಬ ದೊಡ್ಡ ಮನೆತನ. ಅಲ್ಲಿನ ರಾಣಿ ಮಲಕೈಟ್ ಅವನ ತಾಯಿ, ಅವಳನ್ನು ಕಂಡರೆ ಎಲ್ಲರಿಗೂ ನಡುಕ. ಹುಡುಗ ನಮ್ಮವನು, ಕಳಿಸಿಕೊಡಿ ಎಂದು ಹಕ್ಕು ಮಂಡಿಸುತ್ತಾರೆ. ಮೂನ್ ಒಲ್ಲದ ಮನಸ್ಸಿನಿಂದ ತವರಿಗೆ ಹೋಗಿ, ಜೇಡ್ ಬರುತ್ತಾಳೋ ಇಲ್ಲವೋ ಎಂದು ಒಳಗೊಳಗೇ ಕೊರಗುತ್ತಾನೆ. ನಾನು ಜೇಡ್‌ಳ ಪಕ್ಷ. ದೊಡ್ಡಮ್ಮ ನಡುವೆಯೇ ತಡೆದರು.

‘ಅಷ್ಟು ವರ್ಷ ಸತ್ತೇಹೋದ ಅಂದ್ಕೊಂಡಿದ್ದ ಮಗ ಕಣೋ. ಎರಡು ದಿನ ಇಟ್ಕೋತೀನಿ ಅಂದ್ರೆ ತಪ್ಪೇನು?’

‘ಹಾಗಲ್ಲ ದೊಡ್ಡಮ್ಮ, ಅವನಿಗೂ ಅಲ್ಲಿರೋಕೆ ಇಷ್ಟ ಇಲ್ಲ.’

‘ಗಂಡುಮಕ್ಕಳು ಹಾಗೇ ಅಂತಾರೆ. ಆ ಹುಡುಗಿ ಬರೋವಾಗ ಹಿರಿಯರು ಯಾರನ್ನಾದ್ರೂ ಕರ್ಕೊಂಡು ಬಂದಳೋ, ಒಬ್ಬಳೇ ಹಾರಿಕೊಂಡು ಬಂದಳೋ? ಅದನ್ನ ಹೇಳು ಮೊದಲು.’